ಬುಲೆಟ್ಟೇ ಬೇಕಾ, ಬೇರೆ ಗಾಡಿನೂ ನೋಡ್ಬಹುದಾ? ಕೊಳ್ಳುವ ಮುನ್ನ ಘಟ್ಟದ ಮೇಲಿನವರು ಹಾಕಬೇಕಾದ ಲೆಕ್ಕ

ಶಿರಸಿ: ಅಡಿಕೆ ಮಾರಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಹುಲಗೋಳ, ಭೈರುಂಬೆ ಸುತ್ತಮುತ್ತಲಿನ ಮನೆಗಳಲ್ಲಿ ಗಾಡಿ ಮಾತು ಶುರುವಾಗುತ್ತದೆ. ಮೊದಲಿಗೆ ಬರುವ ಹೆಸರು ಬುಲೆಟ್. ಅಪ್ಪಯ್ಯ ಓಡಿಸಿದ್ದು, ಪೊಲೀಸರು ಓಡಿಸಿದ್ದು, ಊರಿಗೆ ಬರುವ ಮೊದಲೇ ಸದ್ದಿನಲ್ಲಿ ಗುರುತು ಹೇಳುವ ಗಾಡಿ. ಆದರೆ ಈಗ ಅದೇ ದುಡ್ಡಿಗೆ ಹೊಂಡಾ, ಜಾವಾ, ಯೆಜ್ಡಿ ಸಿಗುತ್ತವೆ. ಸ್ವಲ್ಪ ಮೇಲೆ ಹೋದರೆ ಟ್ರಯಂಫ್ ಕೂಡ ಇದೆ. ‘ಬುಲೆಟ್ ಅಂದ್ರೆ ಬುಲೆಟ್ಟೇ’ ಅನ್ನೋದು ಮನಸ್ಸಿನ ಮಾತು. ಒಂದೂಮುಕ್ಕಾಲು, ಎರಡು ಲಕ್ಷ ಹಾಕುವಾಗ ಲೆಕ್ಕದ ಮಾತೂ ಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರದ ರಸ್ತೆ ಮತ್ತು ಮಳೆಗೆ ಹೊಂದುವ ಹಾಗೆ ಆ ಲೆಕ್ಕ ಇಲ್ಲಿದೆ.

ಬುಲೆಟ್ ಬ್ರಿಟಿಷರದ್ದಾ, ನಮ್ಮದಾ?

ರಾಯಲ್ ಎನ್‌ಫೀಲ್ಡ್ ಹುಟ್ಟಿದ್ದು ಇಂಗ್ಲೆಂಡಿನ ರೆಡಿಚ್ ಎಂಬ ಊರಲ್ಲಿ. ಕಂಪನಿಯ ಮೊದಲ ಮೋಟಾರ್ ಸೈಕಲ್ ಬಂದಿದ್ದು 1901ರಲ್ಲಿ, ಬುಲೆಟ್ ಎಂಬ ಹೆಸರು ಬಂದಿದ್ದು 1930ರ ದಶಕದಲ್ಲಿ. ಸ್ವಾತಂತ್ರ್ಯದ ನಂತರ ಗಡಿ ಕಾಯುವ ನಮ್ಮ ಸೇನೆಗೆ ಗಟ್ಟಿ ಬೈಕು ಬೇಕಾದಾಗ ಬುಲೆಟ್ 350 ಆಯ್ಕೆಯಾಯಿತು. 1955ರಲ್ಲಿ ಮದ್ರಾಸ್ ಮೋಟಾರ್ಸ್ ಜತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು, ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ಕಾರ್ಖಾನೆ ಬಂತು.

1970ರ ಹೊತ್ತಿಗೆ ಇಂಗ್ಲೆಂಡಿನ ಮೂಲ ಕಂಪನಿಯೇ ಮುಳುಗಿತು. ಮದ್ರಾಸಿನದು ಮಾತ್ರ ನಿಲ್ಲಲಿಲ್ಲ. 1990ರ ದಶಕದಲ್ಲಿ ಅದು ಐಷರ್ ಕಂಪನಿಯ ಕೈಗೆ ಬಂತು. ಅಂದರೆ ಅರ್ಧ ಶತಮಾನದಿಂದ ಬುಲೆಟ್ ಪೂರ್ತಿ ಭಾರತದ ಗಾಡಿ, ಬ್ರಿಟಿಷ್ ಉಳಿದಿರುವುದು ಹೆಸರು ಮತ್ತು ಆಕಾರದಲ್ಲಿ ಮಾತ್ರ.

ಇನ್ನೊಂದು ಮಾತು. ಹಳಬರು ಹೊಗಳುವ ಬುಲೆಟ್ ಮತ್ತು ಇವತ್ತು ಶೋರೂಂನಲ್ಲಿ ನಿಂತಿರುವ ಬುಲೆಟ್ ಒಂದೇ ಅಲ್ಲ. ಹಳೆಯದರದ್ದು ಎರಕದ ಕಬ್ಬಿಣದ ಇಂಜಿನ್, ನಾಲ್ಕು ಗೇರು, ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. 2023ರಲ್ಲಿ ಬಂದ ಹೊಸ ಬುಲೆಟ್‌ನದ್ದು 349 ಸಿಸಿಯ ಬೇರೆಯೇ ಇಂಜಿನ್, ಐದು ಗೇರು, ಬಟನ್ ಒತ್ತಿದರೆ ಸ್ಟಾರ್ಟ್. ನಡುಕ ಕಡಿಮೆ, ಎಣ್ಣೆ ಸೋರುವ ರಗಳೆ ಇಲ್ಲ. ಆದ್ದರಿಂದ ‘ಹಳೇ ಬುಲೆಟ್ ಥರ ಇಲ್ಲ’ ಎಂದು ಹೊಸದನ್ನು ಬಯ್ಯುವುದೂ ಸರಿಯಲ್ಲ, ಹಳೆಯದರ ಹೆಸರಲ್ಲಿ ಹೊಸದನ್ನು ಕಣ್ಣುಮುಚ್ಚಿ ಕೊಳ್ಳುವುದೂ ಸರಿಯಲ್ಲ.

ಮೊದಲ ಪರ್ಯಾಯ ಮೈಸೂರಿಂದಲೇ ಬಂದಿತ್ತು

ಬುಲೆಟ್‌ಗೆ ಎದುರಾಳಿ ಹುಡುಕುವುದು ಹೊಸ ಸಂಗತಿ ಏನಲ್ಲ. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜೆಕ್ ಮೂಲದ ಜಾವಾ ಬೈಕು ತಯಾರಾಗುತ್ತಿತ್ತು. 1970ರ ದಶಕದಲ್ಲಿ ಅದರ ಹೆಸರು ಯೆಜ್ಡಿ ಆಯಿತು. 250 ಸಿಸಿ, ಟು ಸ್ಟ್ರೋಕ್, ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಲಿವರ್ ಅನ್ನೇ ತಿರುಗಿಸಿದರೆ ಅದೇ ಗೇರ್ ಲಿವರ್. ಘಟ್ಟ ಹತ್ತುವುದರಲ್ಲಿ ಹಿಂದೆ ಬೀಳುತ್ತಿರಲಿಲ್ಲ. ಆದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತಿತ್ತು. ಬಜಾಜ್, ಹೀರೋ ಹೊಂಡಾದಂಥ ಕಡಿಮೆ ಪೆಟ್ರೋಲ್‌ನ ಗಾಡಿ ಬಂದ ಮೇಲೆ ಪೈಪೋಟಿ ಕಷ್ಟವಾಗಿ 1996ರಲ್ಲಿ ಕಾರ್ಖಾನೆ ಮುಚ್ಚಿತು.

ಇದರಿಂದ ಕಲಿಯುವ ಪಾಠ ಒಂದಿದೆ. ಗಾಡಿ ಚೆನ್ನಾಗಿದ್ದರೂ ಕಂಪನಿ ಮುಚ್ಚಿದರೆ ಸ್ಪೇರ್‌ಗೆ ಅಲೆಯುವುದು ಮಾಲೀಕನೇ. ಬುಲೆಟ್ ಗೆದ್ದಿದ್ದು ಓಟದಲ್ಲಿ ಅಲ್ಲ. ಎಲ್ಲರೂ ಹೋದ ಮೇಲೂ ಅದೊಂದು ಉಳಿಯಿತು, ಬಿಡಿಭಾಗ ಸಿಗುತ್ತಲೇ ಇತ್ತು, ಬಿಚ್ಚಿ ಜೋಡಿಸಲು ಬರುವ ಮೆಕ್ಯಾನಿಕ್ ಊರೂರಲ್ಲಿ ಇದ್ದ.

ಈಗ ಎದುರಿಗೆ ನಿಂತಿರುವವು

*ಹೊಂಡಾ ಸಿಬಿ350:* 2020ರಲ್ಲಿ ಹೈನೆಸ್ ಹೆಸರಲ್ಲಿ ಬಂತು. 348 ಸಿಸಿ, ಸುಮಾರು 21 ಬಿಎಚ್‌ಪಿ. ಇದರ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ 90 ಮಿ.ಮೀ.ಗೂ ಮೇಲೆ. ಹೊಸ ಬುಲೆಟ್‌ನದ್ದು 86 ಮಿ.ಮೀ. ಆಸುಪಾಸು. ಈ ದೂರ ಜಾಸ್ತಿ ಇದ್ದಷ್ಟೂ ಇಂಜಿನ್ ಕೂಗಿಸದೇ, ನಿಧಾನದಲ್ಲೇ ಎಳೆತ ಸಿಗುತ್ತದೆ. ಅಂದರೆ ‘ಬುಲೆಟ್ ಥರದ ಎಳೆತ’ ಎಂದು ನಾವು ಹೇಳುವ ಗುಣ ಹೊಂಡಾದಲ್ಲೂ ಇದೆ. ಬುಲೆಟ್ 195 ಕೆ.ಜಿ. ತೂಗಿದರೆ ಹೈನೆಸ್ 181 ಕೆ.ಜಿ.

*ಜಾವಾ, ಯೆಜ್ಡಿ:* ಮಹೀಂದ್ರ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾವನ್ನು 2018ರಲ್ಲಿ, ಯೆಜ್ಡಿಯನ್ನು 2022ರಲ್ಲಿ ಮತ್ತೆ ತಂತು. ಈಗಿನ ಜಾವಾ 350ರಲ್ಲಿ 334 ಸಿಸಿ ಇಂಜಿನ್, ಆರು ಗೇರು, ತಣ್ಣಗಾಗಿಸಲು ರೇಡಿಯೇಟರ್. ಹೆಸರು ಮೈಸೂರಿನ ನೆನಪು ತಂದರೂ ಇದು ಫೋರ್ ಸ್ಟ್ರೋಕ್, ಹಳೆಯದಕ್ಕೂ ಇದಕ್ಕೂ ಒಂದು ಬೋಲ್ಟೂ ಸಂಬಂಧ ಇಲ್ಲ.

*ಟ್ರಯಂಫ್ ಸ್ಪೀಡ್ 400:* ಬ್ರಿಟಿಷ್ ಹೆಸರೇ ಬೇಕು ಅನ್ನುವವರ ಕಣ್ಣು ಇದರ ಮೇಲೆ. ಬಜಾಜ್ ಜತೆ ಸೇರಿ 2023ರಲ್ಲಿ 398 ಸಿಸಿ ಇಂಜಿನ್‌ನೊಂದಿಗೆ ಬಂತು. ಶಕ್ತಿ ಸುಮಾರು 39 ಬಿಎಚ್‌ಪಿ, ಬುಲೆಟ್‌ನ ಹೆಚ್ಚುಕಡಿಮೆ ಎರಡು ಪಟ್ಟು. ಆದರೆ ಇದು ತಿರುವಿದಷ್ಟೂ ಓಡುವ ಜಾತಿ. ಡುಗುಡುಗು ಎನ್ನುತ್ತಾ ಆರಾಮಾಗಿ ಹೋಗುವವರಿಗೆ ಹೇಳಿ ಮಾಡಿಸಿದ್ದಲ್ಲ.

*ಬಿಎಸ್‌ಎ ಗೋಲ್ಡ್ ಸ್ಟಾರ್:* ಇನ್ನೊಂದು ಹಳೆಯ ಬ್ರಿಟಿಷ್ ಹೆಸರು, 2024ರ ಆಗಸ್ಟ್‌ನಲ್ಲಿ ಇಲ್ಲಿಗೆ ಬಂತು. 652 ಸಿಸಿ. ಬೆಲೆ ಬುಲೆಟ್‌ಗಿಂತ ತುಂಬಾ ಮೇಲೆ. ತೋಟ, ಪೇಟೆ ಓಡಾಟಕ್ಕೆ ಅಲ್ಲ, ಶೋಕಿಗೆ.

350 ಸಿಸಿ ಎಂಬ ಗೆರೆ

2025ರ ಸೆಪ್ಟೆಂಬರ್ 22ರಿಂದ ಬೈಕುಗಳ ಜಿಎಸ್‌ಟಿ ಬದಲಾಯಿತು. 350 ಸಿಸಿವರೆಗಿನ ಗಾಡಿಗೆ ತೆರಿಗೆ ಶೇ.28ರಿಂದ ಶೇ.18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡದಕ್ಕೆ ಸೆಸ್ ಸೇರಿ ಶೇ.31 ಇದ್ದದ್ದು ಶೇ.40 ಆಯಿತು.

ಲೆಕ್ಕ ಹೀಗೆ: ತೆರಿಗೆ ಮುಂಚಿನ ಬೆಲೆ 1.50 ಲಕ್ಷ ರೂ. ಇರುವ 350 ಸಿಸಿ ಒಳಗಿನ ಗಾಡಿ ಮೊದಲು 1.92 ಲಕ್ಷ ಆಗುತ್ತಿತ್ತು, ಈಗ 1.77 ಲಕ್ಷ. ಹದಿನೈದು ಸಾವಿರ ಉಳಿತಾಯ. ಅದೇ 2 ಲಕ್ಷದ, 350 ಸಿಸಿ ಮೀರಿದ ಗಾಡಿ 2.62 ಲಕ್ಷದಿಂದ 2.80 ಲಕ್ಷಕ್ಕೆ ಏರುತ್ತದೆ. ಕೆಲವು ಕಂಪನಿ ಈ ಏರಿಕೆಯನ್ನು ತಾವೇ ನುಂಗಿ ಬೆಲೆ ಹಿಡಿದಿಡಬಹುದು. ಹಾಗಾಗಿ ಶೋರೂಂನಲ್ಲಿ ಬೆಲೆ ಕೇಳುವ ಮೊದಲು ಸಿಸಿ ಕೇಳಿ. ರಾಯಲ್ ಎನ್‌ಫೀಲ್ಡ್‌ನದ್ದೇ ಹಿಮಾಲಯನ್ 450, ಇಂಟರ್‌ಸೆಪ್ಟರ್ 650 ಕೂಡ ಗೆರೆಯ ಆಚೆಗೇ ಬರುತ್ತವೆ.

ಇದರ ಮೇಲೆ ರಾಜ್ಯದ ಲೈಫ್ ಟ್ಯಾಕ್ಸ್ ಇದೆ. ಕರ್ನಾಟಕದಲ್ಲಿ ಒಂದು ಲಕ್ಷ ಮೀರಿದ ದ್ವಿಚಕ್ರ ವಾಹನಕ್ಕೆ ಇದು ಶೇ.18, ಸೆಸ್ ಬೇರೆ. 1.75 ಲಕ್ಷದ ಗಾಡಿಗೆ ಇದೊಂದೇ 31,500 ರೂ. ಆಗುತ್ತದೆ. ವಿಮೆ, ನೋಂದಣಿ ಸೇರಿದರೆ ಜಾಹೀರಾತಿನ ಬೆಲೆಗೂ ಆನ್‌ರೋಡ್ ಬೆಲೆಗೂ ಎಷ್ಟು ಅಂತರ ಅನ್ನೋದು ಗೊತ್ತಾಗುತ್ತದೆ.

ಕೆಮ್ಮಣ್ಣು, ಪಾಚಿ, ಘಟ್ಟ

ಬೆಂಗಳೂರಿನ ಯೂಟ್ಯೂಬ್ ವಿಮರ್ಶೆಯಲ್ಲಿ ಹೇಳದ ಮಾತು ಇದು. ನಮ್ಮಲ್ಲಿ ಡಾಂಬರು ರಸ್ತೆಯಿಂದ ಮನೆಯ ಅಂಗಳಕ್ಕೆ ಹೋಗುವ ಕೊನೆಯ ತುಂಡು ಮಣ್ಣಿನದೇ. ಮಳೆಗಾಲದ ನಾಲ್ಕು ತಿಂಗಳು ಅಲ್ಲಿ ಕೆಮ್ಮಣ್ಣು ಜಾರುತ್ತದೆ, ಅಡಿಕೆ ತೋಟದ ಸಂಕದ ಮೇಲೆ ಪಾಚಿ ಕಟ್ಟುತ್ತದೆ. ಅಂಥ ಕಡೆ 195 ಕೆ.ಜಿ. ಗಾಡಿ ಒಮ್ಮೆ ವಾಲಿದರೆ ಹಿಡಿದು ನಿಲ್ಲಿಸುವುದು ಎಲ್ಲರಿಗೂ ಆಗುವ ಕೆಲಸ ಅಲ್ಲ. ಹಿಂದೆ ಮನೆಯವರು ಕುಳಿತಿದ್ದರಂತೂ ಇನ್ನೂ ಕಷ್ಟ. ಗಾಡಿ ನೋಡಲು ಹೋದಾಗ ಬರೀ ಓಡಿಸಿ ನೋಡಿದರೆ ಸಾಲದು. ಇಂಜಿನ್ ಬಂದ್ ಮಾಡಿ, ಹಿಂದಕ್ಕೆ ತಳ್ಳಿ, ತಿರುಗಿಸಿ ನೋಡಿ. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುತ್ತದಾ ಗಮನಿಸಿ.

ದೇವಿಮನೆ ಘಟ್ಟ, ಅರಬೈಲು ಘಟ್ಟ ಇಳಿಯುವವರು ಇನ್ನೆರಡು ವಿಷಯ ಕೇಳಲೇಬೇಕು.

ಒಂದು, ಬ್ರೇಕು. ಎರಡೂ ಚಕ್ರಕ್ಕೆ ಎಬಿಎಸ್ ಇದೆಯಾ, ಮುಂದಿನದಕ್ಕೆ ಮಾತ್ರವಾ? ಕೆಲವು ಗಾಡಿಗಳ ಕಡಿಮೆ ಬೆಲೆಯ ಮಾದರಿಯಲ್ಲಿ ಮುಂದಿನ ಚಕ್ರಕ್ಕೆ ಮಾತ್ರ ಇರುತ್ತದೆ. ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಜಾರುವುದನ್ನು ತಪ್ಪಿಸುವುದು ಎರಡೂ ಚಕ್ರದ ಎಬಿಎಸ್. ಕೆಲ ಸಾವಿರ ಜಾಸ್ತಿ ಕೊಡುವುದಾದರೆ ಬಣ್ಣಕ್ಕೆ, ಕ್ರೋಮ್‌ಗೆ ಅಲ್ಲ, ಇದಕ್ಕೆ ಕೊಡಿ.

ಎರಡು, ಟಯರು. ಬುಲೆಟ್‌ನಂಥ ಕಡ್ಡಿ ಚಕ್ರದ ಗಾಡಿಗೆ ಟ್ಯೂಬ್ ಇರುತ್ತದೆ. ಪಂಕ್ಚರ್ ಆದರೆ ಚಕ್ರ ಬಿಚ್ಚಬೇಕು. ಹೈನೆಸ್, ಸ್ಪೀಡ್ 400ರ ಅಲಾಯ್ ಚಕ್ರದಲ್ಲಿ ಟ್ಯೂಬ್‌ಲೆಸ್ ಟಯರು, ಗಾಳಿ ನಿಧಾನ ಇಳಿಯುತ್ತದೆ, ಪೇಟೆ ಮುಟ್ಟಬಹುದು. ರಾತ್ರಿ ಘಟ್ಟದ ನಡುವೆ ನಿಂತವರಿಗೆ ಈ ವ್ಯತ್ಯಾಸ ಬೇರೆ ಯಾರೂ ಹೇಳಬೇಕಾಗಿಲ್ಲ.

ಗ್ಯಾರೇಜು ಎಷ್ಟು ದೂರ?

ಲೆಕ್ಕದಲ್ಲಿ ಎಲ್ಲಕ್ಕಿಂತ ಭಾರದ ಪ್ರಶ್ನೆ ಇದೇ. ಹೊಂಡಾ ಎಂದರೆ ಎಲ್ಲಾ ಕಡೆ ಶೋರೂಂ ಇದೆಯಲ್ಲ ಎಂದು ಅಂದುಕೊಳ್ಳುವವರು ಬಹಳ. ಆದರೆ ಸಿಬಿ350ಯನ್ನು ಹೊಂಡಾ ಮಾರುವುದು ಆಕ್ಟಿವಾ, ಶೈನ್ ಸಿಗುವ ಸಾಮಾನ್ಯ ಶೋರೂಂನಲ್ಲಿ ಅಲ್ಲ, ಬಿಗ್‌ವಿಂಗ್ ಎಂಬ ಬೇರೆ ಮಳಿಗೆಯಲ್ಲಿ. ನಿಮಗೆ ಹತ್ತಿರದ ಬಿಗ್‌ವಿಂಗ್ ಎಲ್ಲಿದೆ, ಸರ್ವಿಸ್‌ಗೂ ಅಲ್ಲಿಗೇ ಹೋಗಬೇಕಾ ಎಂದು ಮೊದಲೇ ಕೇಳಿ. ಜಾವಾ, ಟ್ರಯಂಫ್‌ಗೂ ಇದೇ ಪ್ರಶ್ನೆ.

ಸರ್ವಿಸ್‌ಗೆ ಹುಬ್ಬಳ್ಳಿಗೆ ಹೋಗಬೇಕೆಂದರೆ ಶಿರಸಿಯಿಂದ ಹೋಗಿಬರಲು ಸುಮಾರು 200 ಕಿ.ಮೀ. ಒಂದು ದಿನ ಪೂರ್ತಿ ಹೋಯಿತು. ಅಂಗಡಿ ಇಟ್ಟವರಿಗೆ ಒಂದು ದಿನ ಬಾಗಿಲು ಹಾಕಿದಂತೆ, ಕೊನೆಕೊಯ್ಲಿನ ಟೈಮಲ್ಲಿ ತೋಟದವರಿಗೆ ಬಿಡುವೇ ಇರುವುದಿಲ್ಲ. ಬಿದ್ದು ಇಂಡಿಕೇಟರ್, ಕ್ಲಚ್ ಲಿವರ್ ಮುರಿದರೆ ಅದು ಎಷ್ಟು ದಿನಕ್ಕೆ ಬರುತ್ತದೆ ಎಂಬುದನ್ನೂ ವಿಚಾರಿಸಿ. ಶೋರೂಂನವರನ್ನು ಕೇಳುವುದಕ್ಕಿಂತ ಅದೇ ಗಾಡಿ ಎರಡು ವರ್ಷ ಓಡಿಸಿದ ಊರಿನವರನ್ನು ಕೇಳುವುದು ಒಳ್ಳೆಯದು.

ಹಳೇ ಬುಲೆಟ್ ಇಟ್ಟುಕೊಂಡವರಿಗೆ

ಹೊಸದೇ ತಗೋಬೇಕು ಎಂದೇನಿಲ್ಲ. ಕೊಟ್ಟಿಗೆಯಲ್ಲಿ ನಿಂತ ಹಳೇ ಗಾಡಿಯನ್ನು ಎಬ್ಬಿಸುವುದೂ ಒಂದು ಪರ್ಯಾಯ. ಆದರೆ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು, ಹಸಿರು ತೆರಿಗೆ ಕಟ್ಟಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಆರ್‌ಸಿ ಯಾರ ಹೆಸರಲ್ಲಿದೆ, ಚಾಸಿಸ್ ನಂಬರ್ ತಾಳೆಯಾಗುತ್ತದಾ ಎಂದು ನೋಡದೇ ದುಡ್ಡು ಕೊಡಬೇಡಿ.

ಪೆಟ್ರೋಲ್ ವಿಷಯವೂ ಇದೆ. ಈಗ ಬಂಕ್‌ನಲ್ಲಿ ಸಿಗುವುದು ಶೇ.20 ಎಥೆನಾಲ್ ಬೆರೆತದ್ದು. ಹಳೇ ಕಾರ್ಬುರೇಟರ್ ಗಾಡಿಯ ರಬ್ಬರ್ ಪೈಪು, ವಾಷರುಗಳು ಇದಕ್ಕೆಂದು ಮಾಡಿದ್ದಲ್ಲ, ಬೇಗ ಹಾಳಾಗಬಹುದು. ಎಥೆನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಓಡಿಸದೇ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಿದರೆ ತಳದಲ್ಲಿ ನೀರು ಸೇರಿ ತುಕ್ಕು ಹಿಡಿಯುತ್ತದೆ. ಪೈಪು ಬದಲಿಸಿ, ವಾರಕ್ಕೊಮ್ಮೆಯಾದರೂ ಓಡಿಸಿ.

ಕೊನೆಗೆ ಯಾರಿಗೆ ಯಾವುದು?

- ಹಳ್ಳಿಯ ಒಳಗೆ ಮನೆ, ದಿನಾ ಪೇಟೆ ಓಡಾಟ, ಊರಿನ ಮೆಕ್ಯಾನಿಕ್ ಮೇಲೇ ಭರವಸೆ: ಬುಲೆಟ್, ಅಥವಾ ಅದೇ ಇಂಜಿನ್‌ನ 181 ಕೆ.ಜಿ.ಯ ಹಂಟರ್ 350.
- ಘಟ್ಟ ಇಳಿದು ಕುಮಟಾ, ಅಂಕೋಲಾ ಕಡೆ ಆಗಾಗ ಹೋಗುವವರು, ಸರ್ವಿಸ್ ದೂರ ಆದರೂ ನಡೆಯುತ್ತದೆ ಅನ್ನುವವರು: ಹೊಂಡಾ ಸಿಬಿ350.
- ಬೇರೆಯವರ ಹತ್ತಿರ ಇಲ್ಲದ ಗಾಡಿ ಬೇಕು, ಆರು ಗೇರಿನ ಓಟ ಇಷ್ಟ: ಜಾವಾ, ಯೆಜ್ಡಿ. ಸ್ಪೇರ್ ವಿಚಾರಿಸಿಯೇ ಮುಂದಡಿ ಇಡಿ.
- ಮನೆಯಲ್ಲಿ ಇನ್ನೊಂದು ಸಣ್ಣ ಗಾಡಿ ಇದೆ, ಇದು ದೂರದ ತಿರುಗಾಟಕ್ಕೆ: ಟ್ರಯಂಫ್. ಜಿಎಸ್‌ಟಿ ಗೆರೆ ನೆನಪಿರಲಿ.

ಬುಲೆಟ್‌ಗೆ ಸರಿಸಾಟಿ ಗಾಡಿ ಇಲ್ಲ ಎನ್ನುವ ಕಾಲ ಹೋಯಿತು. ಕಾಗದದ ಮೇಲೆ ಅದಕ್ಕಿಂತ ಜಾಸ್ತಿ ಕೊಡುವ ಗಾಡಿಗಳೇ ಎದುರಿಗಿವೆ. ಆದರೆ ಘಟ್ಟದ ಮೇಲೆ ಗೆಲ್ಲುವುದು ಆಷಾಢದ ಮಳೆಯಲ್ಲಿ ಕೆಟ್ಟು ನಿಂತರೆ ಮರುದಿನ ರಿಪೇರಿಯಾಗಿ ಮನೆಗೆ ಬರುವ ಗಾಡಿ. ಮುಂಗಡ ಕೊಡುವ ಮೊದಲು ಆ ಒಂದು ಪ್ರಶ್ನೆಗೆ ಉತ್ತರ ಕೇಳಿಕೊಳ್ಳಿ. ಬಣ್ಣ ಯಾವುದು ಅನ್ನೋದನ್ನು ಆಮೇಲೆ ಮನೆಯವರ ಜತೆ ಕೂತು ನಿಧಾನ ಮಾತಾಡಬಹುದು.