ನಿಮಗಿದು ಗೊತ್ತೆ? ಇನ್ಸುಲಿನ್ ಅಳೆಯಲು ಮೊಲ ಬೇಕಿತ್ತು!

1922ರಲ್ಲಿ ಟೊರಾಂಟೊದ ವೈದ್ಯರು ಮೊದಲ ಬಾರಿಗೆ ಇನ್ಸುಲಿನ್ ಕೊಟ್ಟಾಗ ದೊಡ್ಡ ತಲೆನೋವಾಗಿದ್ದು ಅದರ ಏರುಪೇರು. ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದ ಔಷಧ. ಒಂದು ಬ್ಯಾಚಿನ ಕಸುವು ಇನ್ನೊಂದಕ್ಕಿಲ್ಲ. ಹೆಚ್ಚಾದರೆ ರೋಗಿಗೆ ಪ್ರಾಣಸಂಕಟ. ಹಾಗಾಗಿ ಉಪವಾಸ ಕೆಡವಿದ ಮೊಲಗಳಿಗೆ ಚುಚ್ಚಿ, ರಕ್ತದ ಸಕ್ಕರೆ ಎಷ್ಟು ಇಳಿಯಿತೆಂದು ನೋಡಿ ‘ಯೂನಿಟ್’ ನಿಗದಿ ಮಾಡುತ್ತಿದ್ದರು. ಮೊಲಗಳೂ ಒಂದೇ ತರ ಇರುವುದಿಲ್ಲವಲ್ಲ, ಅದು ಬೇರೆ ಪೇಚು! ಅದೇ ವರ್ಷ ಅಮೆರಿಕದ ಎಲೈ ಲಿಲ್ಲಿ ಕಂಪನಿಯ ಜಾರ್ಜ್ ವಾಲ್ಡನ್ ದಾರಿ ಕಂಡುಕೊಂಡರು. ದ್ರಾವಣದ ಆಮ್ಲೀಯತೆಯನ್ನು ಒಂದು ನಿರ್ದಿಷ್ಟ ಮಟ್ಟಕ್ಕೆ ತಂದರೆ ಇನ್ಸುಲಿನ್ ಒತ್ತರಿಸಿ ತಳಕ್ಕೆ ಕೂರುತ್ತದೆ, ಕಲ್ಮಶ ಬಹುಪಾಲು ದ್ರಾವಣದಲ್ಲೇ ಉಳಿಯುತ್ತದೆ. ಬ್ಯಾಚುಗಳ ನಡುವಿನ ವ್ಯತ್ಯಾಸ ಗಣನೀಯವಾಗಿ ತಗ್ಗಿತು. ಇಂದು ಇನ್ಸುಲಿನ್ ತಯಾರಿಸುವುದು ಬ್ಯಾಕ್ಟೀರಿಯಾ, ಇಲ್ಲವೇ ಯೀಸ್ಟ್. ಬೆಂಗಳೂರಿನ ಬಯೋಕಾನ್ ನೆಚ್ಚಿರುವುದು ಪಿಕಿಯಾ ಎಂಬ ಯೀಸ್ಟನ್ನು.