ಹೆಕ್ಸಥೆಲಿಡೆ: ಒಡೆಯಲೇಬೇಕಾಗಿದ್ದ ಒಂದು ಕುಟುಂಬ

ಜೇಡಗಳಲ್ಲಿ ಮೈಗಲೋಮಾರ್ಫೇ ಎಂಬ ಬಲು ಹಳೆಯ ಶಾಖೆಯೊಂದಿದೆ. ಟಾರಂಟುಲಾ ಎಂದು ಕರೆಸಿಕೊಳ್ಳುವ ದಪ್ಪ ರೋಮದ ಜೇಡಗಳು, ಬಿಲಕ್ಕೆ ಮುಚ್ಚಳ ಕಟ್ಟಿಕೊಂಡು ಒಳಗೆ ಹೊಂಚುವ ಜೇಡಗಳು, ಆಲಿಕೆಯಾಕಾರದ ಬಲೆ ನೇಯುವ ಜೇಡಗಳು ಇವೆಲ್ಲ ಆ ಶಾಖೆಗೆ ಸೇರಿದವು. ಮನೆಯ ಮೂಲೆಯಲ್ಲಿ ಬಲೆ ಕಟ್ಟುವ ಜೇಡದ ಕೋರೆಗಳು ಎದುರುಬದುರಾಗಿ ಅಡ್ಡಕ್ಕೆ ಕೂಡಿಕೊಳ್ಳುತ್ತವೆ. ಇವುಗಳ ಕೋರೆಗಳಾದರೋ ಅಕ್ಕಪಕ್ಕ ಸಮಾನಾಂತರವಾಗಿ ನಿಂತು ಮೇಲಿನಿಂದ ಕೆಳಕ್ಕೆ ಇರಿಯುತ್ತವೆ. ಈ ಶಾಖೆಯೊಳಗಿನ ಕುಟುಂಬಗಳನ್ನು ಗುರುತಿಸುವ ಕೆಲಸ ಜೇಡಶಾಸ್ತ್ರದ ಅತ್ಯಂತ ತೊಡಕಿನ ಕೆಲಸಗಳಲ್ಲೊಂದು. ರಾಬರ್ಟ್ ರೇವನ್ 1985ರಲ್ಲಿ ಇಡೀ ಗುಂಪನ್ನು ಪರಿಶೀಲಿಸಿ 15 ಕುಟುಂಬಗಳನ್ನು ಒಪ್ಪಿದರು. ಇಂದು ಆ ಸಂಖ್ಯೆ 30ರ ಆಸುಪಾಸಿನಲ್ಲಿದೆ. ಪಟ್ಟಿ ಹೀಗೆ ಬೆಳೆದದ್ದಕ್ಕೆ ಹೊಸ ಜೇಡಗಳು ಸಿಕ್ಕಿದ್ದು ಮುಖ್ಯ ಕಾರಣವಲ್ಲ. ಮೊದಲೇ ಗೊತ್ತಿದ್ದ ಜೇಡಗಳನ್ನು ಒಂದೇ ಸೂರಿನಡಿ ಇಟ್ಟದ್ದು ಸರಿಯಿರಲಿಲ್ಲ ಎಂದು ತಿಳಿದದ್ದೇ ದೊಡ್ಡ ಕಾರಣ. ಹಾಗೆ ಒಡೆದ ಕುಟುಂಬಗಳಲ್ಲಿ ಹೆಕ್ಸಥೆಲಿಡೆಯ ಕಥೆ ಹೆಚ್ಚು ಬೆಳಕು ಕೊಡುವಂಥದ್ದು. ಅದನ್ನು ಒಡೆದದ್ದು ಸರಿಯೇ, ಒಡೆಯದೆ ಬಿಟ್ಟಿದ್ದರೆ ನಮ್ಮ ತಿಳಿವಳಿಕೆಗೇ ನಷ್ಟವಾಗುತ್ತಿತ್ತು ಎಂಬುದು ಈ ಅಧ್ಯಾಯದ ವಾದ.

ಹೆಕ್ಸಥೆಲೆ ಎಂಬ ಕುಲಕ್ಕೆ ಹೆಸರಿಟ್ಟವರು ಆಸ್ಟ್ರಿಯಾದ ಆಂಟನ್ ಆಸೆರರ್, 1871ರಲ್ಲಿ; ಅದರ ಮಾದರಿ ಪ್ರಭೇದ ನ್ಯೂಜಿಲೆಂಡಿನದು. ಮ್ಯಾಕ್ರೊಥೆಲೆ ಕುಲವನ್ನು ಸ್ಥಾಪಿಸಿದವರೂ ಅದೇ ವರ್ಷ ಅವರೇ. 1877ರಲ್ಲಿ ಆಕ್ಟೇವಿಯಸ್ ಪಿಕಾರ್ಡ್ ಕೇಂಬ್ರಿಜ್ ಆಸ್ಟ್ರೇಲಿಯಾದ ಒಂದು ಜೇಡವನ್ನು ಅಟ್ರಾಕ್ಸ್ ರೊಬಸ್ಟಸ್ ಎಂದು ಬಣ್ಣಿಸಿದರು. ಸಿಡ್ನಿಯ ಆಲಿಕೆಬಲೆ ಜೇಡವೆಂದು ಮುಂದೆ ಲೋಕವೆಲ್ಲ ಹೆದರಿದ್ದು ಇದಕ್ಕೇ. ಇವೆಲ್ಲ ಬಹುಕಾಲ ಡಿಪ್ಲೂರಿಡೆ ಎಂಬ ದೊಡ್ಡ ಕುಟುಂಬದೊಳಗೆ ಬೆರೆತಿದ್ದವು. 1980ರಲ್ಲಿ ರೇವನ್ ಇವುಗಳನ್ನು ಅಲ್ಲಿಂದ ಬಿಡಿಸಿ ಹೆಕ್ಸಥೆಲಿಡೆಯನ್ನು ಸ್ವತಂತ್ರ ಕುಟುಂಬವಾಗಿ ನಿಲ್ಲಿಸಿದರು. ಅದಕ್ಕೆ ಅವರು ಕೊಟ್ಟ ಆಧಾರಗಳು ಹಗುರವಾದವಲ್ಲ. ಬಾಯಿಯ ಕೆಳಭಾಗದ ಫಲಕಗಳ ಮೇಲೆ ಒತ್ತಾಗಿ ಕೂತ ಪುಟ್ಟ ಮೊನೆಗುಬ್ಬಿಗಳು, ಉದ್ದವಾದ ಹಿಂಬದಿಯ ನೂಲಂಗಗಳು, ಕೋರೆ ಮಡಚಿಕೊಳ್ಳುವ ತೋಡಿನ ಎರಡೂ ಅಂಚಿಗೆ ಹಲ್ಲುಸಾಲು ಇಂಥ ಲಕ್ಷಣಗಳನ್ನು ಒಟ್ಟಿಗೆ ಹಿಡಿದು ನೋಡಿದಾಗ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಚಿಲಿಯ ಜೇಡಗಳೂ ಏಷ್ಯಾ, ಆಫ್ರಿಕಾ, ದಕ್ಷಿಣ ಯುರೋಪುಗಳಲ್ಲಿ ಹರಡಿದ ಮ್ಯಾಕ್ರೊಥೆಲೆಯೂ ಒಂದೇ ಬಳಗದವೆಂದು ಕಂಡವು. ಗೊಂಡ್ವಾನಾ ಎಂಬ ಪ್ರಾಚೀನ ಮಹಾಖಂಡ ಒಡೆದಾಗ ಈ ಬಳಗ ಚೆದುರಿತು ಎಂಬ ವಿವರಣೆಯೂ ಅಂದವಾಗಿ ಹೊಂದಿಕೊಂಡಿತು. ಅಂದಿನ ಸಾಕ್ಷ್ಯದ ಮಟ್ಟಿಗೆ ಅದು ಒಳ್ಳೆಯ ವಿಜ್ಞಾನ. ರೇವನ್ ಅವರ ಆ ವಿಂಗಡಣೆ ಇಲ್ಲದಿದ್ದರೆ ಮುಂದಿನವರಿಗೆ ಪರೀಕ್ಷಿಸಲು ಏನೂ ಇರುತ್ತಿರಲಿಲ್ಲ.

ಆದರೆ ಆ ಲಕ್ಷಣಗಳಲ್ಲೇ ಒಂದು ಬಿರುಕಿತ್ತು. ಎರಡು ಜೀವಿಗಳಲ್ಲಿ ಒಂದೇ ಲಕ್ಷಣ ಕಂಡರೆ ಅದಕ್ಕೆ ಮೂರು ಕಾರಣಗಳಿರಬಹುದು. ಇಬ್ಬರಿಗೂ ಹತ್ತಿರದ ಪೂರ್ವಜನಲ್ಲಿ ಅದು ಹೊಸದಾಗಿ ಮೂಡಿರಬಹುದು. ಬೇರೆಬೇರೆಯಾಗಿ ಒಂದೇ ಬಗೆಯ ಬದುಕಿಗೆ ಒಗ್ಗಿಕೊಂಡು ಎರಡು ಸಲ ಮೂಡಿರಬಹುದು. ಇಲ್ಲವೇ ತೀರ ದೂರದ ಪೂರ್ವಜನ ಕಾಲದ್ದು ಕೆಲವು ಕವಲುಗಳಲ್ಲಿ ಉಳಿದು ಮಿಕ್ಕವುಗಳಲ್ಲಿ ಅಳಿದಿರಬಹುದು. ಹತ್ತಿರದ ನಂಟನ್ನು ತೋರಿಸುವುದು ಮೊದಲನೆಯದು ಮಾತ್ರ. ಅಣ್ಣತಮ್ಮಂದಿರು ಪಾಲಾಗಿ ನಾಲ್ಕು ತಲೆಮಾರು ಕಳೆದ ಮೇಲೆ ಎರಡು ಮನೆಗಳಲ್ಲಿ ಹಳೆಯ ಹಿತ್ತಾಳೆ ಹಂಡೆಗಳು ಉಳಿದಿದ್ದ ಮಾತ್ರಕ್ಕೆ ಆ ಎರಡು ಮನೆಗಳು ಮಿಕ್ಕವಕ್ಕಿಂತ ಹತ್ತಿರದವೆಂದು ಹೇಳಲಾಗದು; ಮಿಕ್ಕವರು ತಮ್ಮ ಪಾಲಿನ ಹಂಡೆ ಮಾರಿರಬಹುದು. ಉದ್ದ ನೂಲಂಗಗಳು, ಹಾಸುಬಲೆ, ಆಲಿಕೆಬಲೆ ಇವು ಮೈಗಲೋಮಾರ್ಫೇ ಶಾಖೆಯಲ್ಲಿ ಅಲ್ಲಲ್ಲಿ ಕಾಣುವ ಹಳೆಯ ಆಸ್ತಿಯಾಗಿದ್ದರೆ, ಅವನ್ನು ನಂಬಿ ಕಟ್ಟಿದ ಕುಟುಂಬ ಉಳಿದವರ ಕೂಟವಾಗುತ್ತದೆಯೇ ಹೊರತು ಒಂದೇ ಕವಲಿನ ಸಂತತಿಯಾಗುವುದಿಲ್ಲ. ಎರಡನೆಯ ಕಾರಣದ ಕಾಟವೂ ಈ ಗುಂಪಿನಲ್ಲಿ ಹೆಚ್ಚು. ಮಣ್ಣು ಅಗೆಯುವ ಜೇಡಗಳ ಮುಖದ ಮುಂಭಾಗದಲ್ಲಿ ಗಟ್ಟಿ ಮುಳ್ಳುಗಳ ಸಾಲೊಂದು ಇರುತ್ತದೆ. ಅದು ಬೇರೆಬೇರೆ ಕವಲುಗಳಲ್ಲಿ ಮತ್ತೆ ಮತ್ತೆ ಮೂಡಿದೆ. ಮುಚ್ಚಳದ ಬಿಲಗಳದ್ದೂ ಅದೇ ಕಥೆ. ಒಂದು ಕಾಲಕ್ಕೆ ಅಂಥ ಜೇಡಗಳನ್ನೆಲ್ಲ ತುಂಬಿಕೊಂಡಿದ್ದ ಕ್ಟೆನಿಜಿಡೆ ಕುಟುಂಬ ಕರಗುತ್ತ ಬಂದು, 2018ರಲ್ಲಿ ಹ್ಯಾಲೊನೊಪ್ರಾಕ್ಟಿಡೆ ಪ್ರತ್ಯೇಕವಾದ ಮೇಲೆ, ಮೆಡಿಟರೇನಿಯನ್ ಸುತ್ತಿನ ಒಂದೆರಡು ಕುಲಗಳಿಗೆ ಇಳಿದಿದೆ. ಬಿಲದೊಳಗಿನ ಕತ್ತಲ ಬದುಕಿನಲ್ಲಿ ಮೈಕಟ್ಟು ಕೋಟ್ಯಂತರ ವರ್ಷ ಹೆಚ್ಚೇನೂ ಬದಲಾಗದೆ ಉಳಿಯುವುದರಿಂದ, ಹೊರನೋಟಕ್ಕೆ ಸಿಗುವ ಲಕ್ಷಣಗಳೇ ಕಡಿಮೆ, ಸಿಕ್ಕವೂ ಅರ್ಧ ದಾರಿ ತಪ್ಪಿಸುವಂಥವು.

ಡಿಎನ್‌ಎ ಸಾಕ್ಷ್ಯ ಬಂದದ್ದು ಈ ಹಿನ್ನೆಲೆಯಲ್ಲಿ. ಮಾರ್ಷಲ್ ಹೆಡಿನ್ ಮತ್ತು ಜೇಸನ್ ಬಾಂಡ್ 2006ರಲ್ಲಿ ರೈಬೋಸೋಮಿನ ಎರಡು ವಂಶವಾಹಿಗಳನ್ನು ಇಟ್ಟುಕೊಂಡು ಮೈಗಲೋಮಾರ್ಫೇ ಕುಟುಂಬಗಳನ್ನು ಪರೀಕ್ಷಿಸಿದಾಗಲೇ ಹಳೆಯ ವರ್ಗೀಕರಣಕ್ಕೂ ಅಣುಸಾಕ್ಷ್ಯಕ್ಕೂ ಹಲವೆಡೆ ತಾಳೆಯಾಗಲಿಲ್ಲ. 2014ರಲ್ಲಿ ವೆರಾ ಒಪಟೋವಾ ಮತ್ತು ಮೀಕೆಲ್ ಅರ್ನೆಡೊ ಯುರೋಪಿನ ಮ್ಯಾಕ್ರೊಥೆಲೆ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋಗಿ, ಹೆಕ್ಸಥೆಲಿಡೆಯ ಎಲ್ಲೆಯೇ ಸರಿಯಿಲ್ಲವೆಂಬ ಕಡೆಗೆ ತಲುಪಿದರು. 2018ರಲ್ಲಿ ಹೆಡಿನ್ ಮತ್ತು ಸಂಗಡಿಗರು ಜೀನೋಮಿನ ಬಹಳಷ್ಟು ಕಡೆಗಳಿಂದ ಒಮ್ಮೆಗೇ ಅನುಕ್ರಮಗಳನ್ನು ಹಿಡಿದು ಕಟ್ಟಿದ ವಂಶವೃಕ್ಷದಲ್ಲಿ ಚಿತ್ರ ಸ್ಪಷ್ಟವಾಯಿತು. ಆಸ್ಟ್ರೇಲಿಯಾದ ಅಟ್ರಾಕ್ಸ್, ಹೆಡ್ರೊನೈಕೆ, ಇಲವಾರಾ ಕುಲಗಳು ಹೆಕ್ಸಥೆಲೆಯ ಬಳಿ ನಿಲ್ಲಲೇ ಇಲ್ಲ. ಅವು ಹೋಗಿ ನಿಂತದ್ದು ಆಕ್ಟಿನೊಪೊಡಿಡೆ ಎಂಬ ಬೇರೊಂದು ಕುಟುಂಬದ ಪಕ್ಕ. ಮ್ಯಾಕ್ರೊಥೆಲೆ ತನ್ನದೇ ಕವಲಾಯಿತು. ನ್ಯೂಜಿಲೆಂಡಿನ ಪೊರ‍್ರೊಥೆಲೆಯೂ ಹಾಗೆಯೇ. ಹೀಗೆ ಒಂದು ಕುಟುಂಬ ಇದ್ದ ಕಡೆ ನಾಲ್ಕಾದವು: ಅಟ್ರಾಸಿಡೆ, ಮ್ಯಾಕ್ರೊಥೆಲಿಡೆ, ಪೊರ‍್ರೊಥೆಲಿಡೆ ಮತ್ತು ಕುಗ್ಗಿದ ಹೆಕ್ಸಥೆಲಿಡೆ. ಇವುಗಳಲ್ಲಿ ಪೊರ‍್ರೊಥೆಲಿಡೆ ಮಾತ್ರ ಹೊಚ್ಚ ಹೊಸ ಹೆಸರು. ಅಟ್ರಾಕ್ಸ್ ಬಳಗವನ್ನು ಬೇರೆಯಾಗಿ ಗುರುತಿಸಿದ ಹೆಸರು 1901ರಲ್ಲಿ ಹೆನ್ರಿ ಹಾಗ್ ಕೊಟ್ಟದ್ದು. ಮ್ಯಾಕ್ರೊಥೆಲೆ ಬಳಗದ್ದು 1892ರಲ್ಲಿ ಫ್ರಾನ್ಸಿನ ಯೂಜೀನ್ ಸಿಮೋನ್ ಕೊಟ್ಟದ್ದು. ಕಣ್ಣನ್ನು ಮಾತ್ರ ನಂಬುತ್ತಿದ್ದ ಕಾಲದಲ್ಲೂ ಆ ಇಬ್ಬರಿಗೆ ಈ ಬಳಗಗಳು ಬಿಡಿಯಾಗಿಯೇ ಕಂಡಿದ್ದವು ಎಂಬುದನ್ನು ಮರೆಯಬಾರದು.

ಆಕ್ಟಿನೊಪೊಡಿಡೆಯ ನೆರೆ ಎಂದದ್ದು ಯಾಕೆ ಅಚ್ಚರಿಯ ಸಂಗತಿ ಎಂದು ತಿಳಿಯಬೇಕಾದರೆ ಆ ಜೇಡಗಳನ್ನು ನೋಡಬೇಕು. ಆಸ್ಟ್ರೇಲಿಯಾದಲ್ಲಿ ಇಲಿಜೇಡವೆನ್ನುವ ಮಿಸ್ಸುಲೆನಾ ಈ ಕುಟುಂಬದ್ದು. ಗಿಡ್ಡ, ಗುಂಡಗಿನ ಮೈ, ಉಬ್ಬಿದ ಅಗಲ ತಲೆ, ಆ ಅಗಲಕ್ಕೂ ಚೆದುರಿದ ಕಣ್ಣುಗಳು, ಮೋಟು ನೂಲಂಗಗಳು. ಮನೆ ಮುಚ್ಚಳವಿರುವ ಬಿಲ. ಆಲಿಕೆಬಲೆಯ ಜೇಡದ ಪಕ್ಕದಲ್ಲಿಟ್ಟರೆ ಯಾರೂ ಇವನ್ನು ದಾಯಾದಿಗಳೆನ್ನಲಾರರು. ಆದರೆ ಇವುಗಳ ನಡುವೆ ಏನೋ ಇದೆ ಎಂಬ ಸುಳಿವು ವರ್ಗೀಕರಣಕಾರರಿಗಿಂತ ಮುಂಚೆ ವಿಷವೈದ್ಯಕ್ಕೆ ಸಿಕ್ಕಿತ್ತು. ಅಟ್ರಾಕ್ಸ್ ರೊಬಸ್ಟಸ್ ಕಡಿತಕ್ಕೆ ಸ್ಟ್ರುಆನ್ ಸದರ್ಲೆಂಡ್ ಆಸ್ಟ್ರೇಲಿಯಾದ ಕಾಮನ್‌ವೆಲ್ತ್ ಸೀರಮ್ ಲ್ಯಾಬೊರೇಟರೀಸ್‌ನಲ್ಲಿ ಪ್ರತಿವಿಷ ಸಿದ್ಧಪಡಿಸಿದರು. ಗಂಡು ಜೇಡಗಳ ವಿಷವನ್ನು ಮೊಲಗಳಿಗೆ ಕೊಟ್ಟು, ಅವುಗಳ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳಿಂದ ತಯಾರಿಸುವ ಮದ್ದು ಅದು. ಅದಕ್ಕೆ ಮೊದಲು 13 ಸಾವುಗಳು ದಾಖಲಾಗಿದ್ದವು; 1981ರಲ್ಲಿ ಅದು ಬಳಕೆಗೆ ಬಂದ ಮೇಲೆ ಒಂದೂ ಇಲ್ಲ. ಅದೇ ಪ್ರತಿವಿಷ ಹೆಡ್ರೊನೈಕೆ ಕಡಿತಕ್ಕೂ ನಾಟಿತು, ಇಲಿಜೇಡದ ವಿಷವನ್ನೂ ತಡೆಯಿತು. ಕಾರಣವನ್ನು ಪ್ರಯೋಗಾಲಯ ತೋರಿಸಿದೆ: ನರಕೋಶದಲ್ಲಿ ಸೋಡಿಯಂ ಹಾಯುವ ದ್ವಾರಗಳು ಬೇಗ ಮುಚ್ಚದಂತೆ ಮಾಡುವ ಡೆಲ್ಟಾ ಹೆಕ್ಸಟಾಕ್ಸಿನ್ ಎಂಬ ಬಗೆಯ ಪೆಪ್ಟೈಡುಗಳು ಎರಡೂ ಬಳಗಗಳ ವಿಷದಲ್ಲಿವೆ. ದ್ವಾರ ಮುಚ್ಚದಿದ್ದರೆ ನರ ಬಿಡುವಿಲ್ಲದೆ ಮಿಡಿಯುತ್ತದೆ. ಮನುಷ್ಯನೂ ಮಂಗಗಳೂ ಇದಕ್ಕೆ ಬೇಗ ತುತ್ತಾಗುವುದು, ಮೊಲ ತಾಳಿಕೊಳ್ಳುವುದು ಈ ವಿಷದ ವಿಶೇಷ. ಹಳೆಯ ವರ್ಗೀಕರಣದಲ್ಲಿ ಈ ಸಾಮ್ಯ ದಿಕ್ಕಿಲ್ಲದ ಆಕಸ್ಮಿಕವಾಗಿತ್ತು. ಹೊಸ ವಂಶವೃಕ್ಷದಲ್ಲಿ ಅದು ಒಂದೇ ಪೂರ್ವಜನಿಂದ ಬಂದ ಬಳುವಳಿಯಾಗಿ ಅರ್ಥಕ್ಕೆ ಬರುತ್ತದೆ.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ, ಅದನ್ನು ತೇಲಿಸಿಬಿಡುವುದು ಸರಿಯಲ್ಲ. ತೈವಾನ್ ಮತ್ತು ಜಪಾನಿನ ದಕ್ಷಿಣ ದ್ವೀಪಗಳ ಮ್ಯಾಕ್ರೊಥೆಲೆ ಗಿಗಾಸ್ ವಿಷದಲ್ಲೂ ಇದೇ ಬಗೆಯ ಪೆಪ್ಟೈಡ್ ಸಿಕ್ಕಿದೆ. ವಿಷದ ಸಾಮ್ಯವೇ ನಂಟಿನ ಗುರುತಾದರೆ, ಮ್ಯಾಕ್ರೊಥೆಲೆ ಮತ್ತು ಅಟ್ರಾಕ್ಸ್ ಒಂದೇ ಕುಟುಂಬವೆಂಬ ಹಳೆಯ ಮಾತೇ ಗೆದ್ದಂತಾಗಲಿಲ್ಲವೇ? ಇಲ್ಲ, ಏಕೆಂದರೆ ವಿಷವೂ ಹಿತ್ತಾಳೆ ಹಂಡೆಯ ಸಾಲಿಗೇ ಸೇರಬಹುದಾದ ಲಕ್ಷಣ. ಇಲಿಜೇಡ, ಅಟ್ರಾಕ್ಸ್, ಮ್ಯಾಕ್ರೊಥೆಲೆ ಮೂರಕ್ಕೂ ಅದು ಇನ್ನೂ ಹಿಂದಿನ ಪೂರ್ವಜನಿಂದ ಬಂದಿರುವುದು ಸಾಧ್ಯ. ಆದ್ದರಿಂದ ಕುಟುಂಬವನ್ನು ಒಡೆದದ್ದು ವಿಷದ ಆಧಾರದ ಮೇಲಲ್ಲ. ವಿಷಕ್ಕೂ ನೂಲಂಗಕ್ಕೂ ಸಂಬಂಧವಿಲ್ಲದ, ಜೀನೋಮಿನುದ್ದಕ್ಕೂ ಹರಡಿದ ಅನುಕ್ರಮಗಳು ಒಟ್ಟಾಗಿ ಹೇಳಿದ ಮಾತಿನ ಮೇಲೆ ಅದು ನಿಂತಿದೆ. ವಂಶವೃಕ್ಷ ಮೊದಲು ಸಿದ್ಧವಾಗಬೇಕು; ಯಾವ ಲಕ್ಷಣ ಎಷ್ಟು ಹಳೆಯದು ಎಂಬ ಲೆಕ್ಕ ಆಮೇಲೆ ಅದರ ಮೇಲೆ ಕೂರುತ್ತದೆ. ಹಾಗೆ ಕೂರಿಸಿದಾಗ ಪರೀಕ್ಷಿಸಬಹುದಾದ ಒಂದು ನಿರೀಕ್ಷೆಯೂ ಹುಟ್ಟುತ್ತದೆ. ಮಿಸ್ಸುಲೆನಾದ ಕುಟುಂಬದ್ದೇ ಆದ ಆಕ್ಟಿನೊಪಸ್ ಕುಲ ದಕ್ಷಿಣ ಅಮೆರಿಕದಲ್ಲಿದೆ. ವೃಕ್ಷ ಸರಿಯಾಗಿದ್ದರೆ ಡೆಲ್ಟಾ ಹೆಕ್ಸಟಾಕ್ಸಿನ್‌ಗಳ ಸಂಬಂಧಿಕ ಪೆಪ್ಟೈಡುಗಳನ್ನು ಹುಡುಕಬೇಕಾದ ಜಾಗ ಅಲ್ಲಿದೆ. ಹಳೆಯ ಹೆಕ್ಸಥೆಲಿಡೆ ಯಾರಿಗೂ ಈ ದಿಕ್ಕನ್ನು ತೋರಿಸುತ್ತಿರಲಿಲ್ಲ.

ಇನ್ನೊಂದು ಆಕ್ಷೇಪ ವಂಶವಾಹಿಗಳ ಬಗ್ಗೆಯೇ ಇದೆ. ಅವೂ ದಾರಿ ತಪ್ಪಿಸಬಲ್ಲವು: ಒಂದೊಂದು ವಂಶವಾಹಿಯ ಇತಿಹಾಸ ಒಂದೊಂದು ಬಗೆಯಾಗಿರುವುದುಂಟು, ಬೇಗ ಬದಲಾಗುವ ಕವಲುಗಳು ಸುಳ್ಳು ನಂಟು ತೋರುವುದುಂಟು, ಕೆಲವು ಕುಲಗಳ ಮಾದರಿಯೇ ಸಿಗದೆ ಹೋಗುವುದುಂಟು. ಒಂದೆರಡು ವಂಶವಾಹಿಗಳನ್ನು ನೆಚ್ಚಿದ ಕಾಲದಲ್ಲಿ ಈ ಎಚ್ಚರ ತೀರ ಅಗತ್ಯವಾಗಿತ್ತು. ಹಾಗೆಂದೇ 2006ರ ಸುಳಿವು ಸಿಕ್ಕೊಡನೆ ಯಾರೂ ಕುಟುಂಬವನ್ನು ಒಡೆಯಲಿಲ್ಲ. ಹನ್ನೆರಡು ವರ್ಷ ಸಾಕ್ಷ್ಯ ಕೂಡಿಬರುವವರೆಗೆ ಕಾದರು. ಒಡೆದ ಬಳಿಕ 2020ರಲ್ಲಿ ಒಪಟೋವಾ ಮತ್ತು ಸಂಗಡಿಗರು ಇಡೀ ಮೈಗಲೋಮಾರ್ಫೇ ಶಾಖೆಯನ್ನು ಜೀನೋಮಿನ ಮಟ್ಟದ ದತ್ತಾಂಶದಿಂದ ಮರುಪರಿಶೀಲಿಸಿದಾಗಲೂ ಈ ನಾಲ್ಕು ಕುಟುಂಬಗಳು ಉಳಿದುಕೊಂಡವು. ಮೈಲಕ್ಷಣಗಳನ್ನು ಕಸಕ್ಕೆ ಎಸೆದಂತಾಯಿತು ಎಂಬ ಕೊರಗಿಗೂ ಬುಡವಿಲ್ಲ. ಒಂದು ಜೇಡವನ್ನು ಕೈಗೆತ್ತಿಕೊಂಡು ಯಾವ ಕುಲವೆಂದು ಹೇಳಲು ಇಂದಿಗೂ ಸೂಕ್ಷ್ಮದರ್ಶಕವೇ ಬೇಕು. ಆಸ್ಟ್ರೇಲಿಯನ್ ಮ್ಯೂಸಿಯಂನ ಮೈಕಲ್ ಗ್ರೇ 2010ರಲ್ಲಿ ಆಲಿಕೆಬಲೆ ಜೇಡಗಳನ್ನು 35 ಪ್ರಭೇದಗಳಾಗಿ ವಿಂಗಡಿಸಿದ್ದು ವರ್ಷಗಟ್ಟಲೆ ಮೈರಚನೆಯನ್ನೇ ನೋಡಿ. ಆ ಕೆಲಸದ ಮೇಲೆಯೇ ಇಂದಿನ ಅಟ್ರಾಸಿಡೆ ನಿಂತಿದೆ.

ಹೆಸರು ಬದಲಾದರೆ ವೈದ್ಯರಿಗೆ, ಅರಣ್ಯ ಇಲಾಖೆಗಳಿಗೆ, ಕಾನೂನಿಗೆ ಗೊಂದಲವಾಗುತ್ತದೆ ಎಂಬುದು ಹೆಚ್ಚು ಕೇಳಿಬರುವ ದೂರು. ಆದರೆ ಬದಲಾದದ್ದು ಕುಟುಂಬದ ಹೆಸರು, ಪ್ರಭೇದದ್ದಲ್ಲ. ಯುರೋಪಿನ ಆವಾಸ ಸಂರಕ್ಷಣಾ ನಿರ್ದೇಶನದಲ್ಲಿ ಹೆಸರಿರುವ ಏಕೈಕ ಜೇಡ ದಕ್ಷಿಣ ಸ್ಪೇನಿನ ಮ್ಯಾಕ್ರೊಥೆಲೆ ಕಾಲ್ಪಿಯಾನಾ. ಕುಟುಂಬ ಬದಲಾದರೂ ಆ ರಕ್ಷಣೆಗೆ ಕಿಂಚಿತ್ತೂ ಧಕ್ಕೆಯಾಗಲಿಲ್ಲ. ವೈದ್ಯರಿಗಂತೂ ಅನುಕೂಲವೇ ಆಯಿತು. ಮೊದಲು ಹೆಕ್ಸಥೆಲಿಡೆ ಎಂದರೆ ಮನುಷ್ಯನನ್ನು ಕೊಲ್ಲಬಲ್ಲ ಸಿಡ್ನಿಯ ಜೇಡವೂ ಅಷ್ಟು ಅಪಾಯವಿಲ್ಲದ ನ್ಯೂಜಿಲೆಂಡಿನ ಪೊರ‍್ರೊಥೆಲೆಯೂ ಒಂದೇ ಶೀರ್ಷಿಕೆಯಡಿ ಬರುತ್ತಿದ್ದವು. ಈಗ ಅಟ್ರಾಸಿಡೆ ಎಂದರೆ ಆ ಪ್ರತಿವಿಷವನ್ನು ನೆನೆಯಬೇಕಾದ ಬಳಗ ಎಂದೇ ಅರ್ಥ. ನಿಜವಾಗಿ ಕಷ್ಟಕ್ಕೆ ಸಿಕ್ಕಿದ್ದು ಪಳೆಯುಳಿಕೆಗಳ ಲೆಕ್ಕ. ಈಶಾನ್ಯ ಫ್ರಾನ್ಸಿನ ವೋಜ್ ಪ್ರದೇಶದಲ್ಲಿ ಸಿಕ್ಕ, ಸುಮಾರು 24 ಕೋಟಿ ವರ್ಷ ಹಳೆಯ ರೊಸಾಮೈಗಲೆಯನ್ನು ಪಾಲ್ ಸೆಲ್ಡನ್ ಮತ್ತು ಜಾನ್ ಕ್ಲೋಡ್ ಗಾಲ್ 1992ರಲ್ಲಿ ಹೆಕ್ಸಥೆಲಿಡೆಗೆ ಸೇರಿಸಿದ್ದರು. ಆ ಕುಟುಂಬವೇ ಒಂದು ಕವಲಲ್ಲವೆಂದಾದ ಮೇಲೆ, ರೊಸಾಮೈಗಲೆಯನ್ನು ಹಿಡಿದು ಹೆಕ್ಸಥೆಲಿಡೆ ಇಷ್ಟು ಹಳೆಯದು ಎನ್ನುವಂತಿಲ್ಲ. ಅದು ಸೇರಿರುವ ಇನ್ನೂ ದೊಡ್ಡ ಕವಲಿನ ವಯಸ್ಸನ್ನಷ್ಟೇ ಹೇಳಬಹುದು. ಇದು ತೊಂದರೆ ಹೌದು, ಆದರೆ ತಪ್ಪು ವಯಸ್ಸನ್ನು ನೆಮ್ಮದಿಯಿಂದ ಬಳಸುತ್ತಿರುವುದಕ್ಕಿಂತ ಮೇಲು.

ಈ ಮರುವಿಂಗಡಣೆ ನಮ್ಮ ನೆಲವನ್ನೂ ಮುಟ್ಟಿದೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳಲ್ಲಿ ಹಾಸುಬಲೆ ಕಟ್ಟುವ ಇಂಡೋಥೆಲೆ ಎಂಬ ಕುಲವನ್ನು ಫ್ರೆಡ್ರಿಕ್ ಕಾಯ್ಲ್ 1995ರಲ್ಲಿ ಸ್ಥಾಪಿಸಿದಾಗ ಅದು ಡಿಪ್ಲೂರಿಡೆಯಲ್ಲಿತ್ತು, ಅಂದರೆ ರೇವನ್ ಹೆಕ್ಸಥೆಲಿಡೆಯನ್ನು ಹೊರತೆಗೆದ ಮೇಲೂ ಸಾಕಷ್ಟು ದೊಡ್ಡದಾಗಿ ಉಳಿದಿದ್ದ ಅದೇ ಕುಟುಂಬದಲ್ಲಿ. 2020ರ ಅಧ್ಯಯನ ಡಿಪ್ಲೂರಿಡೆಯನ್ನೂ ಒಡೆಯಿತು. ಇಂಡೋಥೆಲೆ ಇಸ್ಕ್ನೊಥೆಲಿಡೆಗೆ ಹೋಯಿತು. ಅಲ್ಲಿ ಅದರ ಸಂಗಡ ಇರುವವು ಆಫ್ರಿಕಾ ಮತ್ತು ಮಡಗಾಸ್ಕರಿನ ಥೆಲೆಕೋರಿಸ್, ಅಮೆರಿಕದ ಇಸ್ಕ್ನೊಥೆಲೆ. ಬಲೆ ಬಿಟ್ಟು ದೂರ ಹೋಗದ ಜೇಡಗಳ ಬಳಗವೊಂದು ಮೂರು ಖಂಡಗಳಲ್ಲಿ ಹೀಗೆ ಹರಡಿದ್ದು ಹೇಗೆ ಎಂಬ ಪ್ರಶ್ನೆಯನ್ನು ಈಗ ಸರಿಯಾದ ನೆಂಟರ ಪಟ್ಟಿ ಇಟ್ಟುಕೊಂಡು ಕೇಳಬಹುದು. ಇತ್ತ ಆಸ್ಟ್ರೇಲಿಯಾದಲ್ಲಿ ಕೆಲಸ ಕುಟುಂಬದಿಂದ ಪ್ರಭೇದಕ್ಕೆ ಇಳಿದಿದೆ. ಒಂದೇ ಎಂದುಕೊಂಡಿದ್ದ ಸಿಡ್ನಿಯ ಜೇಡ ಮೂರು ಪ್ರಭೇದಗಳ ಕೂಟವೆಂದು 2025ರ ಜನವರಿಯಲ್ಲಿ ಪ್ರಕಟವಾಯಿತು. ಅಟ್ರಾಕ್ಸ್ ರೊಬಸ್ಟಸ್ ಜೊತೆಗೆ ಹಳೆಯ ಹೆಸರಾದ ಅಟ್ರಾಕ್ಸ್ ಮೊಂಟಾನಸ್ ಮತ್ತೆ ಮಾನ್ಯವಾಗಿದೆ, ನ್ಯೂಕ್ಯಾಸಲ್ ಸುತ್ತಿನ ದೊಡ್ಡ ಮೈಯ ಜೇಡಕ್ಕೆ ಅಟ್ರಾಕ್ಸ್ ಕ್ರಿಸ್ಟೆನ್ಸೆನಿ ಎಂದು ಹೊಸ ಹೆಸರು ಬಂದಿದೆ. ಈಗಿನ ಪ್ರತಿವಿಷ ಇವುಗಳಿಗೂ ನಾಟುತ್ತದೆ. ಮೂರರ ವಿಷಗಳು ಒಂದಕ್ಕೊಂದು ಎಷ್ಟು ಭಿನ್ನ ಎಂದು ಅಳೆಯುವ ಕೆಲಸವನ್ನು ಇನ್ನು ಮುಂದೆ ಮೂರು ಹೆಸರುಗಳಡಿ ಬೇರೆಬೇರೆಯಾಗಿ ಮಾಡಬೇಕು.