ಬ್ಯಾಡಗಿಯ ಕ್ಯಾನಿನೊಳಗೆ ಕೋಟಿ ವರ್ಷದ ಕಾಡು

ಬ್ಯಾಡಗಿಯ ಗೊಬ್ಬರದ ಅಂಗಡಿಯಲ್ಲಿ ‘ಹ್ಯೂಮಿಕ್ ಕೊಡ್ರಿ’ ಅಂದರೆ ಕರಿ ದ್ರಾವಣದ ಕ್ಯಾನೋ, ಮಿರಿಮಿರಿ ಹೊಳೆಯುವ ಕರಿ ಹರಳಿನ ಪಾಕೀಟೋ ಕೈಗೆ ಬರುತ್ತದೆ. ಮೆಣಸಿನ ಗಿಡದ ಬುಡಕ್ಕೆ ಹಾಕಲು, ಡ್ರಿಪ್‌ನಲ್ಲಿ ಬಿಡಲು ರೈತರು ಒಯ್ಯುವ ಆ ಕರಿ ಬಂದದ್ದೆಲ್ಲಿಂದ? ಬಹುಪಾಲು ಲಿಗ್ನೈಟ್‌ನಿಂದ! ಕೋಟಿಗಟ್ಟಲೆ ವರ್ಷ ನೆಲದಡಿ ಹೂತಿದ್ದು, ಇನ್ನೂ ಪೂರ್ತಿ ಕಲ್ಲಿದ್ದಲಾಗದೆ ಉಳಿದ ಕಾಡಿನಿಂದ! ಮನುಷ್ಯನ ಸುಳಿವೂ ಇಲ್ಲದಿದ್ದಾಗ ಚಿಗುರಿದ ಎಲೆ, ತೊಗಟೆ, ಬೇರು ಇವತ್ತು ಬ್ಯಾಡಗಿ ಕಡ್ಡಿ ಮೆಣಸಿನ ಬೇರನ್ನು ಮುಟ್ಟುತ್ತಿದೆ.

ಇದಕ್ಕೂ ಮಿಗಿಲಾದ ಬೆರಗು ಪ್ರಯೋಗಾಲಯದಲ್ಲಿದೆ. ಮಣ್ಣು, ನೀರು ಅಧ್ಯಯನ ಮಾಡುವ ವಿಜ್ಞಾನಿಗಳೂ ದಶಕಗಳ ಕಾಲ ರಾಸಾಯನಿಕ ಕಂಪನಿಗಳಿಂದ ಹ್ಯೂಮಿಕ್ ಆಮ್ಲದ ಬಾಟಲಿ ಕೊಂಡು, ‘ಮಣ್ಣಿನ ಹ್ಯೂಮಿಕ್ ಹೀಗೆ ವರ್ತಿಸುತ್ತದೆ’ ಎಂದು ಬರೆದರು. 1986ರಲ್ಲಿ ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ರೊನಾಲ್ಡ್ ಮ್ಯಾಲ್ಕಮ್ ಮತ್ತು ಕೊಲರಾಡೊ ಗಣಿ ವಿದ್ಯಾಲಯದ ಪ್ಯಾಟ್ರಿಕ್ ಮೆಕಾರ್ಥಿ ಆ ಬಾಟಲಿಗಳನ್ನು ಎನ್‌ಎಂಆರ್ ಯಂತ್ರಕ್ಕೆ ಒಡ್ಡಿ, ಇಂಗಾಲದ ಜೋಡಣೆಯನ್ನೇ ನೋಡಿದರು. ಬೇರೆ ಬೇರೆ ಲೇಬಲ್ಲಿನ ಬಾಟಲಿಗಳು ತಮ್ಮತಮ್ಮಲ್ಲಿ ಹೆಚ್ಚುಕಡಿಮೆ ಒಂದೇ ಥರ. ಮಣ್ಣಿನ ಹ್ಯೂಮಿಕ್‌ಗಾಗಲಿ ಹೊಳೆ ನೀರಿನದಕ್ಕಾಗಲಿ ಅವುಗಳ ಹೋಲಿಕೆಯೇ ಇಲ್ಲ! ಗುಂಟೂರು ಮೆಣಸಿನಕಾಯಿ ಅರೆದು ಬ್ಯಾಡಗಿಯ ಬಣ್ಣದ ಬಗ್ಗೆ ಪ್ರಬಂಧ ಬರೆದಂತಾಗಿತ್ತು.

ಹಾಗಾದರೆ ನಮ್ಮ ಮಣ್ಣಿನೊಳಗೇ ಇರುವುದು ಯಾವುದು? ರಾಣೆಬೆನ್ನೂರಿನ ಎರಿ ಹೊಲದ ಒಂದು ಹಿಡಿ ಮಣ್ಣು ತೆಗೆದುಕೊಳ್ಳಿ. ಇಷ್ಟು ಕಪ್ಪಗಿರುವ ಮಣ್ಣಿನಲ್ಲಿ ಸಾವಯವ ಇಂಗಾಲ ಬಹಳ ಕಡೆ ನೂರಕ್ಕೆ ಒಂದು ಪಾಲೂ ಇರುವುದಿಲ್ಲ! ಇರುವ ಅಷ್ಟಿಷ್ಟೂ ಜೇಡಿಯ ಪದರಗಳಿಗೆ ಬಿಗಿಯಾಗಿ ಅಂಟಿ ಹೊಲವನ್ನೆಲ್ಲ ಕಪ್ಪಾಗಿಸಿದೆ. ಅದನ್ನು ಬಿಡಿಸಲು ಮೊದಲು ಆಮ್ಲ ಹಾಕಿ ಸುಣ್ಣದ ಅಂಶ ಕಳೆಯಬೇಕು, ಆಮೇಲೆ ಕಾಸ್ಟಿಕ್ ಸೋಡಾದ ತೆಳು ದ್ರಾವಣದಲ್ಲಿ ಕದಡಬೇಕು. ನೀರು ಕಡುಗಂದಾಗುತ್ತದೆ. ಸೋಸಿ ಮತ್ತೆ ಆಮ್ಲ ಬಿಟ್ಟರೆ ಕಂದು ಕಂದು ಮೋಡಗಳು ಕಟ್ಟಿ ತಳಕ್ಕಿಳಿಯುತ್ತವೆ: ಅದೇ ಹ್ಯೂಮಿಕ್ ಆಮ್ಲ. ಮೇಲೆ ಉಳಿದ ಹಳದಿ ನೀರಿನಲ್ಲಿ ಫಲ್ವಿಕ್ ಆಮ್ಲ. 1786ರಲ್ಲಿ ಜರ್ಮನಿಯ ಫ್ರಾನ್ಜ್ ಕಾರ್ಲ್ ಆಖಾರ್ಡ್ ಜೌಗುನೆಲದ ಪೀಟ್ ಮಣ್ಣಿನಿಂದ ಕ್ಷಾರದಲ್ಲಿ ಇದನ್ನು ಎಳೆದ ದಾರಿಯೇ ಇವತ್ತಿಗೂ ನಡೆದಿದೆ! ಕ್ಷಾರ ಎಳೆದುಕೊಟ್ಟದ್ದು ಮಣ್ಣಿನಲ್ಲಿ ಅದೇ ರೂಪದಲ್ಲಿತ್ತೇ ಎಂಬ ಜಗಳ ಮಾತ್ರ ಇನ್ನೂ ಬಿಸಿಯಾಗಿದೆ. ಇಲ್ಲವೆಂದು 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿಜ್ಞಾನಿಗಳಾದ ಲೇಮನ್ ಮತ್ತು ಕ್ಲೆಬರ್ ವಾದಿಸಿದರು.

ಹೊಲದ ಹ್ಯೂಮಿಕ್, ಲಿಗ್ನೈಟ್‌ನ ಹ್ಯೂಮಿಕ್ ಎರಡನ್ನೂ ಪಕ್ಕಪಕ್ಕ ಇಟ್ಟು ವಿಕಿರಣಶೀಲ ಇಂಗಾಲ-14 ಅಳೆದರೆ ಮೈ ಜುಮ್ಮೆನ್ನುತ್ತದೆ. ಅದು 5,730 ವರ್ಷಕ್ಕೆ ಅರ್ಧವಾಗುತ್ತ, ಸುಮಾರು 50,000 ವರ್ಷಕ್ಕೆ ಅಳೆಯಲಾಗದಷ್ಟು ಕರಗುತ್ತದೆ. ಹೊಲದ ಹ್ಯೂಮಿಕ್‌ನಲ್ಲಿ ಅದು ಇನ್ನೂ ಮಿಡಿಯುತ್ತಿರುತ್ತದೆ, ಲಿಗ್ನೈಟ್‌ನದರಲ್ಲಿ ಲವಲೇಶವೂ ಇಲ್ಲ! ರೈತರು ಕೊಳ್ಳುವುದನ್ನು ನಾನು ಹಳಿಯುತ್ತಿಲ್ಲ. 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ಜೈವಿಕ ಉತ್ತೇಜಕಗಳು ಸೇರಿದಾಗ ಹ್ಯೂಮಿಕ್, ಫಲ್ವಿಕ್ ಆಮ್ಲಗಳಿಗೂ ಅದರಲ್ಲಿ ಜಾಗ ಸಿಕ್ಕಿತು. ಬೆಳೆಗೆ ಹಾಕುವುದು ಬೇರೆ, ಅದರಿಂದ ನಮ್ಮ ಮಣ್ಣಿನ ಗುಟ್ಟು ತಿಳಿಯುತ್ತೇವೆನ್ನುವುದು ಬೇರೆ.

ನೀರಿನಲ್ಲಂತೂ ಈ ವ್ಯತ್ಯಾಸ ಇನ್ನೂ ತುರ್ತಿನ ಮಾತು. ಹೊಳೆ ನೀರಿನ ಹ್ಯೂಮಿಕ್‌ಗೆ ಕ್ಲೋರಿನ್ ತಾಗಿದರೆ ಕ್ಲೋರೋಫಾರ್ಮ್ ಹುಟ್ಟುತ್ತದೆ ಎಂದು 1974ರಲ್ಲಿ ರಾಟರ್‌ಡ್ಯಾಮಿನ ಯೋಹಾನೆಸ್ ರೂಕ್ ತೋರಿಸಿಕೊಟ್ಟರು. ಎಷ್ಟು ಹುಟ್ಟುತ್ತದೆ ಎಂಬುದು ಹ್ಯೂಮಿಕ್‌ನ ಜಾತಿಯ ಮೇಲೆ ನಿಂತಿದೆ. ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಸೇರುವಾಗ, ಮಳೆಗಾಲದ ಆ ಕೆಂಪು ನೀರಿನಲ್ಲಿ ಮಲೆನಾಡಿನ ಎಲೆಗಳ ಸಾರವೂ ಇರುತ್ತದೆ, ಹಾವೇರಿಯ ಹೊಲಗಳ ಸಾರವೂ ಇರುತ್ತದೆ. ಅದನ್ನು ಅರಿಯಲು ಬಾಟಲಿ ಬೇಡ: ಅಲ್ಲಿಯ ನೀರನ್ನೇ ಸೋಸಿ, ಪಿಹೆಚ್ 2ಕ್ಕೆ ಇಳಿಸಿ, ಎಕ್ಸ್‌ಎಡಿ-8 ರಾಳದ ಕೊಳವೆಯಲ್ಲಿ ಹಾಯಿಸಿದರೆ ಹ್ಯೂಮಿಕ್ ರಾಳಕ್ಕೆ ಅಂಟಿಕೊಳ್ಳುತ್ತದೆ, ಕ್ಷಾರ ಬಿಟ್ಟರೆ ಇಳಿದು ಬರುತ್ತದೆ. ಥರ್ಮನ್ ಮತ್ತು ಅದೇ ಮ್ಯಾಲ್ಕಮ್ 1981ರಲ್ಲೇ ಹೇಳಿಕೊಟ್ಟ ವಿಧಾನವಿದು.